ನಿಮಗಿದು ಗೊತ್ತೇ? ನೀಲಿ ಬಣ್ಣಕ್ಕೆ ಬಿದ್ದ ಲಕ್ಷ ಲಕ್ಷ ಉಲ್ಲೇಖಗಳು!

ಒಬ್ಬ ವಿಜ್ಞಾನಿಯ ಲೇಖನವನ್ನು ಇನ್ನೊಬ್ಬರು ತಮ್ಮ ಲೇಖನದಲ್ಲಿ ಹೆಸರಿಸಿದರೆ ಅದು ಒಂದು ‘ಸೈಟೇಶನ್’. ಸರಿ, ಜಗತ್ತಿನಲ್ಲೇ ಅತಿ ಹೆಚ್ಚು ಸೈಟೇಶನ್ ಪಡೆದ ಲೇಖನ ಯಾರದು, ಹೇಳಿ ನೋಡೋಣ? ಐನ್‌ಸ್ಟೈನರದೇ? ಅಲ್ಲ! ಡಿಎನ್‌ಎ ರಚನೆ ಕಂಡುಹಿಡಿದವರದೇ? ಅದೂ ಅಲ್ಲ!

ಆಲಿವರ್ ಲೌರಿ ಅವರದು! ಹೆಸರೇ ಕೇಳಿಲ್ಲವೇ? ಇವರು ಅಮೆರಿಕದ ಸೇಂಟ್ ಲೂಯಿಸ್‌ನ ಜೀವರಸಾಯನ ವಿಜ್ಞಾನಿ. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನವನ್ನು 1951ರಲ್ಲಿ ಮೂವರು ಸಂಗಡಿಗರ ಜೊತೆ ಬರೆದು ಪ್ರಕಟಿಸಿದರು. ತಾಮ್ರದ ಲವಣ ಬೆರೆಸಿ, ಫೋಲಿನ್ ದ್ರಾವಣ ಹಾಕಿ. ನೀಲಿ ಬರುತ್ತದೆ. ನೀಲಿ ಗಾಢವಾದಷ್ಟೂ ಪ್ರೋಟೀನ್ ಜಾಸ್ತಿ. ಇಷ್ಟೇ! 2014ರಲ್ಲಿ ‘ನೇಚರ್’ ಪತ್ರಿಕೆ ಲೆಕ್ಕ ತೆಗೆಸಿದಾಗ ಈ ಲೇಖನಕ್ಕೆ ಸಿಕ್ಕಿದ್ದ ಉಲ್ಲೇಖಗಳು 3 ಲಕ್ಷಕ್ಕೂ ಹೆಚ್ಚು! ಲೌರಿ ಅವರೇ ಇದನ್ನು ತಮ್ಮ ದೊಡ್ಡ ಕೆಲಸವೆಂದು ಎಣಿಸಿರಲಿಲ್ಲ!

ಹಾಗಾದರೆ ಡಿಎನ್‌ಎಯ ಜೋಡಿ ಸುರುಳಿಯನ್ನು ಲೋಕಕ್ಕೆ ತೋರಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಲೇಖನ ಎಷ್ಟನೆಯದು? ‘ನೇಚರ್’ನ ಅದೇ 2014ರ ಪಟ್ಟಿಯ ಮೊದಲ ನೂರರಲ್ಲಿ ಅದು ಇಲ್ಲವೇ ಇಲ್ಲ! ಒಂದು ಪುಟ ದಾಟಿ ಸ್ವಲ್ಪವೇ ಇರುವ ಲೇಖನ ಅದು. ಯಾರ ಹೆಸರು ಮೊದಲು ಬರಬೇಕು ಎಂಬುದನ್ನು ನಾಣ್ಯ ಚಿಮ್ಮಿಸಿ ತೀರ್ಮಾನಿಸಿದರಂತೆ!

ಎರಡನೇ ಸ್ಥಾನದ ಕತೆ ಇನ್ನೂ ಸೊಗಸು. 1970ರಲ್ಲಿ ಉಲ್ರಿಚ್ ಲೆಮ್ಲಿ ಒಬ್ಬರೇ ಬರೆದ ಲೇಖನ ಅದು. ತಲೆಬರಹ ಇರುವುದು ಬ್ಯಾಕ್ಟೀರಿಯಾಗಳಿಗೆ ಅಂಟುವ ಟಿ4 ವೈರಸ್ಸಿನ ತಲೆ ಹೇಗೆ ಜೋಡಣೆಯಾಗುತ್ತದೆ ಎಂಬ ಬಗ್ಗೆ. ಆದರೆ ಜನ ಅದನ್ನು ಹುಡುಕಿಕೊಂಡು ಹೋಗುವುದು ವೈರಸ್ಸಿಗಾಗಿ ಅಲ್ಲ! ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಜೆಲ್‌ನಲ್ಲಿ ಬೇರ್ಪಡಿಸುವ ವಿಧಾನ ಅದರೊಳಗಿದೆ. ತಲೆಬರಹದಲ್ಲಿ ಆ ವಿಧಾನದ ಸುಳಿವೇ ಇಲ್ಲ! ಆದರೂ ಅದಕ್ಕೆ 2 ಲಕ್ಷ ದಾಟಿದ ಉಲ್ಲೇಖ!

ಮೂರನೆಯದು ಮರಿಯನ್ ಬ್ರಾಡ್‌ಫೋರ್ಡ್ ಅವರ 1976ರ ಲೇಖನ. ಅದೂ ಪ್ರೋಟೀನ್ ಅಳೆಯುವುದರ ಬಗ್ಗೆಯೇ! ಅದೂ ನೀಲಿಯೇ! ಕುಮಾಸಿ ನೀಲಿ ಎಂಬ ಈ ಬಣ್ಣ ಮೊದಲು ಹುಟ್ಟಿದ್ದು ಉಣ್ಣೆಗೆ ಬಣ್ಣ ಹಾಕಲು. ಹೆಸರು ಬಂದದ್ದು ಇಂದಿನ ಘಾನಾ ದೇಶದ ಕುಮಾಸಿ ನಗರದಿಂದ. ಲೆಮ್ಲಿ ಅವರ ಜೆಲ್‌ನಲ್ಲಿ ಪ್ರೋಟೀನಿನ ಗೆರೆಗಳು ಕಣ್ಣಿಗೆ ಕಾಣಲು ಬಳಸುವುದೂ ಸಾಮಾನ್ಯವಾಗಿ ಇದನ್ನೇ. ಅಂದರೆ ಮೊದಲ ಮೂರಕ್ಕೂ ನೀಲಿಯ ನಂಟು!

2014ರ ಆ ಪಟ್ಟಿಯಲ್ಲಿ ನಾಲ್ಕನೆಯದು ಡಿಎನ್‌ಎ ಅಕ್ಷರಗಳನ್ನು ಓದುವ ದಾರಿ ತೋರಿದ ಫ್ರೆಡರಿಕ್ ಸ್ಯಾಂಗರ್ ಅವರ ತಂಡದ 1977ರ ಲೇಖನ. ರಸಾಯನಶಾಸ್ತ್ರದ ನೊಬೆಲ್ ಎರಡು ಸಲ ಗೆದ್ದವರು ಇವರು!

ಸಂಪಾದಕರು ವಾಪಸು ಕಳಿಸಿದ್ದಕ್ಕೂ ನೊಬೆಲ್ ಬರುತ್ತದೆ, ಗೊತ್ತೇ? ಒಂದು ಚೂರು ಡಿಎನ್‌ಎಯನ್ನು ಕೋಟಿಗಟ್ಟಲೆ ಪ್ರತಿ ಮಾಡುವ ಪಿಸಿಆರ್ ಬಗ್ಗೆ ಕ್ಯಾರಿ ಮುಲ್ಲಿಸ್ ಬರೆದ ಲೇಖನವನ್ನು ‘ನೇಚರ್’ ಬೇಡವೆಂದಿತು, ‘ಸೈನ್ಸ್’ ಕೂಡ ಬೇಡವೆಂದಿತು. 1993ರಲ್ಲಿ ಅವರಿಗೆ ನೊಬೆಲ್!

ಸೈಟೇಶನ್ ಎಣಿಸುವ ಹುಚ್ಚು ಹಿಡಿಸಿದವರು ಅಮೆರಿಕದ ಯೂಜಿನ್ ಗಾರ್‌ಫೀಲ್ಡ್. ಹಳೆಯ ತೀರ್ಪುಗಳು ಎಲ್ಲೆಲ್ಲಿ ಉಲ್ಲೇಖವಾಗಿವೆ ಎಂದು ವಕೀಲರು ಹುಡುಕುವ ಸೂಚಿಯನ್ನು ನೋಡಿ ಅವರಿಗೆ ಈ ಯೋಚನೆ ಹೊಳೆಯಿತು! 1964ರಲ್ಲಿ ವಿಜ್ಞಾನದ ಉಲ್ಲೇಖ ಸೂಚಿ ಶುರುವಾಗುವ ಮುನ್ನವೇ ತಳಿವಿಜ್ಞಾನಕ್ಕೊಂದು ಸೂಚಿ ಮಾಡಿ ಪರೀಕ್ಷಿಸಿ ನೋಡಿದ್ದರು.

ಒಂದೇ ಒಂದು ಲೇಖನ ಇಡೀ ಪತ್ರಿಕೆಯನ್ನು ಮೇಲಕ್ಕೆತ್ತಬಲ್ಲದೇ? ಎತ್ತಿದೆ! ಹರಳುಗಳ ರಚನೆ ಬಿಡಿಸುವ ಷೆಲ್‌ಎಕ್ಸ್ ತಂತ್ರಾಂಶದ ಬಗ್ಗೆ ಜಾರ್ಜ್ ಷೆಲ್‌ಡ್ರಿಕ್ 2008ರಲ್ಲಿ ಬರೆದರು. ಬಳಸಿದವರೆಲ್ಲ ಅದನ್ನೇ ಉಲ್ಲೇಖಿಸಿದರು. ‘ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ’ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನವೊಂದಕ್ಕೆ ಸರಾಸರಿ ಎಷ್ಟು ಉಲ್ಲೇಖ ಸಿಗುತ್ತದೆ ಎಂಬ ಅಂಕ) 2ರ ಆಸುಪಾಸಿನಿಂದ ಒಮ್ಮೆಲೇ 49.926ಕ್ಕೆ ಹಾರಿತು!

ಮೇಲೇರಿದವು ಇಷ್ಟಾದರೆ ಕೆಳಗುಳಿದವು ಎಷ್ಟು? ‘ನೇಚರ್’ ನೋಡಿದ ಸಂಗ್ರಹದಲ್ಲಿ ಸುಮಾರು 5.8 ಕೋಟಿ ಬರಹಗಳಿದ್ದವು. ಒಂದೊಂದರ ಮೊದಲ ಪುಟವನ್ನಷ್ಟೇ ಪೇರಿಸಿದರೂ ರಾಶಿ ಕಿಲಿಮಂಜಾರೋ ಬೆಟ್ಟದ ತುದಿಯ ಹತ್ತಿರಕ್ಕೆ ಬರುತ್ತದೆ. ಸಾವಿರ ಉಲ್ಲೇಖ ದಾಟಿದವು ಅದರ ಮೇಲಿನ ಒಂದೂವರೆ ಮೀಟರ್ ಮಾತ್ರ!

ಇನ್ನು ನಮ್ಮವರ ಮಾತು. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವುದರಲ್ಲಿ ಬಾಗಲಾರದು? ಮದರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್, ರಾಮಕೃಷ್ಣನ್ ಮತ್ತು ಶಶಿಶೇಖರನ್ 1963ರಲ್ಲಿ ಇದನ್ನು ಐದೇ ಪುಟಗಳಲ್ಲಿ ಹೇಳಿ ಮುಗಿಸಿದರು! ಮುಂದೆ ಮೂವರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ‘ರಾಮಚಂದ್ರನ್ ನಕ್ಷೆ’ ಈಗ ಜೀವರಸಾಯನದ ಪಠ್ಯಪುಸ್ತಕಗಳಲ್ಲಿ ಎಷ್ಟು ಬೆರೆತುಹೋಗಿದೆಯೆಂದರೆ, ಅದನ್ನು ಬಳಸುವ ಎಷ್ಟೋ ಮಂದಿ ಮೂಲ ಲೇಖನವನ್ನು ಹೆಸರಿಸುವುದೇ ಇಲ್ಲ. ಹೆಸರಿಸಿದ್ದಿದ್ದರೆ ಆ ಐದು ಪುಟಗಳ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೋ ಊಹಿಸಿ!