ವಾಣಿಜ್ಯ ಪದವಿಗೆ ವಿಶ್ವವಿದ್ಯಾನಿಲಯವನ್ನು ಆರಿಸುವ ವಿಷಯ

ಪ್ರತಿವರ್ಷವೂ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ತಂದೆತಾಯಿಗಳೊಡನೆ ನಮ್ಮ ಕಚೇರಿಗೆ ಬರುವುದುಂಟು. ಎರಡು ವರ್ಷಗಳ ಹಿಂದೆಯೇ ಶಾಲೆಯನ್ನು ಬಿಟ್ಟು ಹೋದವರಾದರೂ ಸಂದೇಹ ಹುಟ್ಟಿದಾಗ ಅವರಿಗೆ ಈ ಬಾಗಿಲು ನೆನಪಾಗುವುದು ನಮಗೆ ಸಂತೋಷವೇ. ಅವರ ಕೈಯಲ್ಲಿ ನಾಲ್ಕಾರು ಕಾಲೇಜುಗಳ ಬಣ್ಣಬಣ್ಣದ ಪ್ರಾಸ್ಪೆಕ್ಟಸ್ಸುಗಳಿರುತ್ತವೆ, ಕೇಳುವ ಪ್ರಶ್ನೆ ಮಾತ್ರ ಒಂದೇ: “ಟೀಚರ್, ಬಿ.ಕಾಂ. ಓದುವುದಕ್ಕೆ ಯಾವ ಯೂನಿವರ್ಸಿಟಿ ಒಳ್ಳೆಯದು?” ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುತ್ತ ಬಂದ ಉತ್ತರವನ್ನು ಈ ಸ್ಮರಣ ಸಂಚಿಕೆಯಲ್ಲಿ ಒಂದೇ ಕಡೆ ಬರೆದಿಡುವುದು ಉಪಯುಕ್ತವೆಂದು ತೋರಿತು. ಈಗ ಹತ್ತನೆಯ ತರಗತಿಯಲ್ಲಿರುವ ಹುಡುಗಿಯರೂ ಇದನ್ನು ಓದಲಿ. ಪಿ.ಯು.ಸಿ.ಯಲ್ಲಿ ಆರಿಸುವ ವಿಷಯಗಳಿಂದಲೇ ಮುಂದಿನ ಕೆಲವು ಬಾಗಿಲುಗಳು ತೆರೆಯುತ್ತವೆ, ಕೆಲವು ಮುಚ್ಚುತ್ತವೆ.

ವಾಣಿಜ್ಯ ಶಾಸ್ತ್ರವು ನಮ್ಮ ಕರಾವಳಿಯ ಜನರಿಗೆ ಹೊಸದಲ್ಲ. ಕೆನರಾ ಬ್ಯಾಂಕು ೧೯೦೬ರಲ್ಲಿ ಮಂಗಳೂರಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಉಡುಪಿಯಲ್ಲಿಯೂ ಹುಟ್ಟಿದವು. ಕರ್ಣಾಟಕ ಬ್ಯಾಂಕು ೧೯೨೪ರಲ್ಲಿ, ಸಿಂಡಿಕೇಟ್ ಬ್ಯಾಂಕು ೧೯೨೫ರಲ್ಲಿ, ವಿಜಯಾ ಬ್ಯಾಂಕು ೧೯೩೧ರಲ್ಲಿ ಆರಂಭವಾದವು. ಇವುಗಳಲ್ಲಿ ಮೂರು ೨೦೧೯ ಮತ್ತು ೨೦೨೦ರಲ್ಲಿ ದೊಡ್ಡ ಬ್ಯಾಂಕುಗಳೊಳಗೆ ಲೀನವಾದವು. ಕೆನರಾ ಬ್ಯಾಂಕಿನ ಸ್ಥಾಪಕರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ಬ್ಯಾಂಕಿಗಿಂತ ಹನ್ನೆರಡು ವರ್ಷ ಮೊದಲೇ, ೧೮೯೪ರಲ್ಲಿ, ಹೆಣ್ಣುಮಕ್ಕಳ ಶಾಲೆಯನ್ನು ತೆರೆದಿದ್ದರೆಂಬುದನ್ನು ನಾವು ಆಗಾಗ ನೆನಸಿಕೊಳ್ಳುತ್ತೇವೆ. ಇಂಥ ನಾಡಿನಲ್ಲಿ ಹುಡುಗಿಯು ಲೆಕ್ಕಪತ್ರದ ವಿದ್ಯೆಯನ್ನು ಬಯಸಿದರೆ ಆಶ್ಚರ್ಯವೇನು? ಆಶ್ಚರ್ಯವೇನೆಂದರೆ, ಒಂದು ಸೀರೆಯನ್ನು ಕೊಳ್ಳುವಾಗ ನೂಲನ್ನೂ ಅಂಚನ್ನೂ ಬಣ್ಣವನ್ನೂ ಬೆಳಕಿಗೆ ಹಿಡಿದು ನೋಡುವ ನಮ್ಮ ಮನೆಗಳವರು, ಮೂರು ವರ್ಷದ ವಿದ್ಯೆಯನ್ನು ಕೊಳ್ಳುವಾಗ ಕಟ್ಟಡದ ಚಿತ್ರವನ್ನು ಮಾತ್ರ ನೋಡುವುದು.

ಮೊದಲು ವಿಚಾರಿಸತಕ್ಕದ್ದು, ಪದವಿಪತ್ರದ ಮೇಲೆ ಯಾರ ಹೆಸರು ಬರುವುದೆಂಬುದನ್ನು. ೧೯೫೬ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಾಯಿದೆಯ ಪ್ರಕಾರ ಪದವಿಯನ್ನು ಕೊಡುವ ಅಧಿಕಾರವು ಸಂಸತ್ತಿನ ಅಥವಾ ರಾಜ್ಯ ಶಾಸನಸಭೆಯ ಕಾಯಿದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳಿಗೂ, ವಿಶ್ವವಿದ್ಯಾನಿಲಯವೆಂದು ಪರಿಗಣಿಸಲ್ಪಟ್ಟ ಸಂಸ್ಥೆಗಳಿಗೂ, ಸಂಸತ್ತು ವಿಶೇಷವಾಗಿ ಅಧಿಕಾರವಿತ್ತ ಸಂಸ್ಥೆಗಳಿಗೂ ಮಾತ್ರ ಉಂಟು. ಪರಿಗಣಿಸಲ್ಪಟ್ಟ ಸಂಸ್ಥೆಗಳನ್ನು ಜನರು ಡೀಮ್ಡ್ ಎಂದು ಕರೆಯುವರು. ೧೮೮೦ರಲ್ಲಿ ಸ್ಥಾಪಿತವಾದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ೨೦೨೪ರಲ್ಲಿ ಈ ಸ್ಥಾನವನ್ನು ಪಡೆಯಿತು. ಬೆಂಗಳೂರಿನ ಕ್ರೈಸ್ಟ್ ಕಾಲೇಜು ೨೦೦೮ರಲ್ಲಿಯೇ ಪಡೆದಿತ್ತು. ೧೯೨೧ರಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಸಂತ ಆಗ್ನೆಸ್ ಕಾಲೇಜು ಸ್ವಾಯತ್ತ ಕಾಲೇಜು. ಅಂದರೆ ಪಾಠಕ್ರಮವನ್ನೂ ಪರೀಕ್ಷೆಯನ್ನೂ ಕಾಲೇಜೇ ನಡೆಸುವುದು, ಪದವಿಯನ್ನು ಮಾತ್ರ ವಿಶ್ವವಿದ್ಯಾನಿಲಯವು ಕೊಡುವುದು. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪಾಠಕ್ರಮವೂ ಪರೀಕ್ಷೆಯೂ ಪದವಿಯೂ ವಿಶ್ವವಿದ್ಯಾನಿಲಯದವೇ. ಆದುದರಿಂದ “ಮಂಗಳೂರು ವಿಶ್ವವಿದ್ಯಾನಿಲಯದ ಬಿ.ಕಾಂ.” ಎಂದ ಮಾತ್ರಕ್ಕೆ ಇಬ್ಬರು ಹುಡುಗಿಯರು ಒಂದೇ ಪಾಠವನ್ನು ಓದಿರುವರೆಂದು ಎಣಿಸಬಾರದು.

ಇಷ್ಟನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ನಾವು ಇನ್ನೂ ಸಹಾಯಕ ಉಪಾಧ್ಯಾಯಿನಿಯಾಗಿದ್ದಾಗ, ಬೀಡಿ ಕಟ್ಟಿ ಮಗಳನ್ನು ಓದಿಸುತ್ತಿದ್ದ ಒಬ್ಬ ತಾಯಿಯು ಒಂದು ಪ್ರಾಸ್ಪೆಕ್ಟಸ್ಸನ್ನು ನಮ್ಮ ಮುಂದಿಟ್ಟಳು. ಬಟ್ಟೆಯ ಅಂಗಡಿಯ ಮಾಳಿಗೆಯಲ್ಲಿ ನಡೆಯುತ್ತಿದ್ದ ಒಂದು ಅಧ್ಯಯನ ಕೇಂದ್ರ. ಪದವಿಯು ದೂರದ ಒಂದು ರಾಜ್ಯದ ವಿಶ್ವವಿದ್ಯಾನಿಲಯದ್ದು. ಫೀಸನ್ನು ತಿಂಗಳ ಕಂತಿನಲ್ಲಿ ಕಟ್ಟಬಹುದು. ಮಧ್ಯಾಹ್ನದ ಮೇಲೆ ಹುಡುಗಿಯು ಕೆಲಸಕ್ಕೂ ಹೋಗಬಹುದು. ಪುಟದ ಅಡಿಯಲ್ಲಿ ಆಯೋಗದ ಮಾನ್ಯತೆಯ ಮಾತೂ ಇತ್ತು. ನಾವು ಅದನ್ನು ಓದಿ, ಅನುಕೂಲವಾಗಿದೆ, ಸೇರಿಸಿರಿ ಎಂದೆವು. ಮೂರು ವರ್ಷದ ಮೇಲೆ ಆ ಹುಡುಗಿಗೆ ಒಂದು ಉದ್ಯೋಗವು ದೊರೆಯಿತು. ಪ್ರಮಾಣಪತ್ರಗಳ ಪರಿಶೀಲನೆಯ ಕಾಲಕ್ಕೆ, ಆ ವಿಶ್ವವಿದ್ಯಾನಿಲಯವು ತನ್ನ ರಾಜ್ಯದಲ್ಲಿ ಮಾನ್ಯವಾದದ್ದೇ ಆದರೂ ಹೊರಗೆ ಕೇಂದ್ರವನ್ನು ನಡೆಸುವ ಅನುಮತಿಯು ಅದಕ್ಕೆ ಇರಲಿಲ್ಲವೆಂದು ತಿಳಿಯಿತು, ಉದ್ಯೋಗವು ತಪ್ಪಿಹೋಯಿತು. ಅವಳು ಪದವಿಪತ್ರವನ್ನು ನಮ್ಮ ಮೇಜಿನ ಮೇಲಿಟ್ಟು, “ಟೀಚರ್, ನಾನು ಬರೆದ ಪರೀಕ್ಷೆಯೂ ಸುಳ್ಳೋ?” ಎಂದು ಕೇಳಿದಳು. ನಮಗೆ ಉತ್ತರವು ತೋಚಲಿಲ್ಲ. ಮಾನ್ಯತೆ ಎಂಬ ಪದವನ್ನು ಓದಿದ್ದೆವೇ ಹೊರತು, ಯಾವುದಕ್ಕೆ ಮಾನ್ಯತೆ, ಎಲ್ಲಿ, ಯಾವ ವರ್ಷಕ್ಕೆ ಎಂದು ನಾವು ವಿಚಾರಿಸಿರಲಿಲ್ಲ.

ವಿಚಾರಿಸತಕ್ಕವರಿಗೆ ಆಗಲೇ ಸೂಚನೆಯಿತ್ತು. ಛತ್ತೀಸ್‌ಗಢ ರಾಜ್ಯವು ೨೦೦೨ರಲ್ಲಿ ಮಾಡಿದ ಕಾಯಿದೆಯ ಬಲದಿಂದ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾನಿಲಯಗಳು ಎದ್ದಿದ್ದವು. ಅನೇಕವಕ್ಕೆ ನೆಟ್ಟಗೆ ಕಟ್ಟಡಗಳೂ ಇರಲಿಲ್ಲ. ವಿಜ್ಞಾನಿಯೂ ಶಿಕ್ಷಣತಜ್ಞರೂ ಆದ ಪ್ರೊಫೆಸರ್ ಯಶ್ ಪಾಲರು ಇದನ್ನು ಪ್ರಶ್ನಿಸಲಾಗಿ ಸುಪ್ರೀಂ ಕೋರ್ಟು ೨೦೦೫ರ ಫೆಬ್ರವರಿಯಲ್ಲಿ ಅವುಗಳಿಗೆ ಆಧಾರವಾಗಿದ್ದ ವಿಧಿಗಳನ್ನು ರದ್ದುಮಾಡಿತು. ಒಂದು ರಾಜ್ಯದ ವಿಶ್ವವಿದ್ಯಾನಿಲಯವು ತನ್ನ ರಾಜ್ಯದ ಗಡಿಯನ್ನು ಮೀರಿ ಕೇಂದ್ರಗಳನ್ನು ತೆರೆಯಲಾಗದೆಂದೂ ಹೇಳಿತು. ಇಂದು ಈ ಪರೀಕ್ಷೆಯು ಕಷ್ಟವಾದುದಲ್ಲ. ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನೂ, ಸುಳ್ಳು ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನೂ ಆಯೋಗವು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ದೂರಶಿಕ್ಷಣವಾದರೆ ಆಯೋಗದ ದೂರಶಿಕ್ಷಣ ವಿಭಾಗವು ಆ ವಿಶ್ವವಿದ್ಯಾನಿಲಯಕ್ಕೆ ಆ ಪದವಿಗಾಗಿ ಆ ವರ್ಷಕ್ಕೆ ಅನುಮತಿ ಕೊಟ್ಟಿದೆಯೋ ಎಂದು ನೋಡಬೇಕು. ಬಿ.ಬಿ.ಎ. ನಡೆಸುವ ಕಾಲೇಜು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆಯನ್ನು ಪಡೆದಿರಬೇಕೆಂಬ ನಿಯಮವು ೨೦೨೪-೨೫ರಿಂದ ಬಂದಿದೆ; ಬಿ.ಕಾಂ.ಗೆ ಇದು ಅನ್ವಯಿಸದು. ಕರ್ನಾಟಕದಲ್ಲಿ ೨೦೨೧-೨೨ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ಸರಕಾರವು ೨೦೨೪-೨೫ರಿಂದ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಆದರೂ ಪ್ರತಿಯೊಂದು ಸಂಸ್ಥೆಯಲ್ಲಿಯೂ ಪದವಿಗೆ ಎಷ್ಟು ವರ್ಷವೆಂದು ಕೇಳಿಯೇ ಸೇರಬೇಕು. ಒಂದು ವರ್ಷವೆಂದರೆ ಬಡವರ ಮನೆಯಲ್ಲಿ ಸಣ್ಣ ಕಾಲವಲ್ಲ.

ನ್ಯಾಕ್ ಎಂಬ ಮಂಡಲಿಯು ಕೊಡುವ ದರ್ಜೆಯನ್ನೂ, ಕೇಂದ್ರ ಸರಕಾರವು ೨೦೧೬ರಿಂದ ಪ್ರಕಟಿಸುತ್ತಿರುವ ಶ್ರೇಯಾಂಕವನ್ನೂ ಪ್ರಾಸ್ಪೆಕ್ಟಸ್ಸುಗಳು ದಪ್ಪ ಅಕ್ಷರದಲ್ಲಿ ಹಾಕುತ್ತವೆ. ದರ್ಜೆಯು ಇಡೀ ಸಂಸ್ಥೆಗೆ ಸಂದದ್ದು, ವಾಣಿಜ್ಯ ವಿಭಾಗಕ್ಕಲ್ಲ. ಶ್ರೇಯಾಂಕದಲ್ಲಿ ವಾಣಿಜ್ಯಕ್ಕೆ ಪ್ರತ್ಯೇಕ ಪಟ್ಟಿಯೇ ಇಲ್ಲ. ಇವನ್ನು ನೋಡಬಾರದೆಂದಲ್ಲ, ಇವುಗಳಿಂದಲೇ ಆರಿಸಬಾರದು.

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ವೈದ್ಯಶಾಸ್ತ್ರವನ್ನು ಓದಿದವಳು ಪದವಿಯ ಬಲದಿಂದಲೇ ವೈದ್ಯಳಾಗಿ ನೋಂದಾಯಿಸಿಕೊಳ್ಳುವಳು. ಬಿ.ಕಾಂ. ಓದಿದವಳು ಆ ಪದವಿಯ ಬಲದಿಂದ ಲೆಕ್ಕಪರಿಶೋಧಕಿಯಾಗಲಾರಳು. ಕಂಪನಿಗಳ ಲೆಕ್ಕವನ್ನು ಶಾಸನಬದ್ಧವಾಗಿ ಪರಿಶೋಧಿಸಿ ಸಹಿ ಹಾಕುವ ಹಕ್ಕನ್ನು ಕೊಡುವುದು ೧೯೪೯ರ ಕಾಯಿದೆಯಿಂದ ಸ್ಥಾಪಿತವಾದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯೇ ಹೊರತು ಯಾವ ವಿಶ್ವವಿದ್ಯಾನಿಲಯವೂ ಅಲ್ಲ. ವೆಚ್ಚ ಲೆಕ್ಕಿಗರಿಗೆ ೧೯೫೯ರ ಕಾಯಿದೆಯ ಸಂಸ್ಥೆಯೂ, ಕಂಪನಿ ಕಾರ್ಯದರ್ಶಿಗಳಿಗೆ ೧೯೮೦ರ ಕಾಯಿದೆಯ ಸಂಸ್ಥೆಯೂ ಬೇರೆಯಾಗಿವೆ. ಇದನ್ನು ತಿಳಿದ ಮೇಲೆ ಪ್ರಶ್ನೆಯ ರೂಪವೇ ಬದಲಾಗುವುದು. ಯಾವ ವಿಶ್ವವಿದ್ಯಾನಿಲಯದ ಹೆಸರು ದೊಡ್ಡದೆಂಬುದಕ್ಕಿಂತ, ಯಾವ ಕಾಲೇಜಿನಲ್ಲಿ ಓದಿದರೆ ಹುಡುಗಿಗೆ ಈ ಎರಡನೆಯ ಓದಿಗೆ ಸಮಯವೂ ಶಕ್ತಿಯೂ ಹಣವೂ ಉಳಿಯುವುದೆಂದು ಕೇಳಬೇಕಾಗುವುದು.

ಚಾರ್ಟರ್ಡ್ ಅಕೌಂಟೆಂಟ್ ಆಗುವುದಕ್ಕೆ ಎರಡು ದಾರಿಗಳಿವೆ. ಪಿ.ಯು.ಸಿ. ಆದೊಡನೆ ಫೌಂಡೇಶನ್ ಪರೀಕ್ಷೆಯನ್ನು ಬರೆದು ಇಂಟರ್‌ಮೀಡಿಯೆಟಿಗೆ ಹೋಗಬಹುದು, ಅಥವಾ ಬಿ.ಕಾಂ.ನಲ್ಲಿ ಶೇಕಡ ೫೫ ಅಂಕಗಳನ್ನು ಪಡೆದು, ಫೌಂಡೇಶನ್ನನ್ನು ಬಿಟ್ಟು ನೇರವಾಗಿ ಇಂಟರ್‌ಮೀಡಿಯೆಟಿಗೆ ಸೇರಬಹುದು. ಬೇರೆ ವಿಷಯಗಳ ಪದವೀಧರೆಯರಿಗೆ ಶೇಕಡ ೬೦ ಬೇಕು. ಇಂಟರ್‌ಮೀಡಿಯೆಟಿನ ಎರಡು ಗುಂಪುಗಳನ್ನೂ ದಾಟಿದ ಮೇಲೆ ಒಬ್ಬ ಪರಿಶೋಧಕರ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಎಂಬ ತರಬೇತಿಯುಂಟು. ೨೦೨೩ರ ಹೊಸ ಕ್ರಮದಲ್ಲಿ ಇದರ ಅವಧಿಯು ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಈ ಕಾಲದಲ್ಲಿ ಪದವಿಯನ್ನೂ ಓದಬೇಕಾದರೆ ಅನುಮತಿಯನ್ನು ಪಡೆಯಬೇಕು; ಕಚೇರಿಯ ವೇಳೆಯಲ್ಲಿ ಕಾಲೇಜು ಇರಕೂಡದು. ಕಾಲೇಜುಗಳೋ ಸಾಮಾನ್ಯವಾಗಿ ಶೇಕಡ ೭೫ ಹಾಜರಿಯನ್ನು ಕೇಳುತ್ತವೆ. ಬೆಳಗಿನ ಒಂಬತ್ತರಿಂದ ಸಂಜೆಯ ನಾಲ್ಕರ ತನಕ ತರಗತಿ, ಆಮೇಲೆ ಪ್ರಾಜೆಕ್ಟು, ಉತ್ಸವ, ಸ್ಪರ್ಧೆ ಎಂದು ಹುಡುಗಿಯನ್ನು ದಣಿಸುವ ಪ್ರಸಿದ್ಧ ಕಾಲೇಜಿಗಿಂತ, ಮಧ್ಯಾಹ್ನಕ್ಕೆ ಬಿಡುವ ಸಾಧಾರಣ ಕಾಲೇಜು ಇಂಥವಳಿಗೆ ಮೇಲು. ಹೀಗೆಂದರೆ ಪೋಷಕರಲ್ಲಿ ಕೆಲವರು ನಮ್ಮನ್ನು ಸಂಶಯದಿಂದ ನೋಡುವರು. ಆದರೂ ಹೇಳದೆ ಬಿಡುವುದಿಲ್ಲ. ಪರಿಶೋಧಕಿಯಾಗುವ ಆಸೆಯಿಲ್ಲದೆ ಬ್ಯಾಂಕಿಗೋ ವ್ಯಾಪಾರಕ್ಕೋ ಎಂ.ಬಿ.ಎ.ಗೋ ಹೋಗತಕ್ಕವಳಿಗೆ ಅದೇ ಉತ್ಸವಗಳೂ ಸ್ಪರ್ಧೆಗಳೂ, ಕಾಲೇಜಿಗೆ ನೇಮಕಾತಿಗೆ ಬರುವ ಕಂಪನಿಗಳೂ ಬಹಳ ಉಪಯೋಗವಾಗಬಹುದು. ಹುಡುಗಿಯ ಉದ್ದೇಶವನ್ನು ಕೇಳದೆ ಕಾಲೇಜನ್ನು ಹೊಗಳುವುದೂ ಹಳಿಯುವುದೂ ವ್ಯರ್ಥ.

ಬ್ರಿಟಿಷ್ ಸಂಸ್ಥೆಯ ಎ.ಸಿ.ಸಿ.ಎ. ಎಂಬುದನ್ನು ಬಿ.ಕಾಂ.ನೊಡನೆ ಜೋಡಿಸಿ ಹೆಚ್ಚಿನ ಫೀಸನ್ನು ಕೇಳುವ ಕಾಲೇಜುಗಳು ಈಗ ಅನೇಕ. ಅದರ ೧೩ ಪರೀಕ್ಷೆಗಳಲ್ಲಿ ೯ರ ವರೆಗೆ ವಿನಾಯಿತಿಯು ದೊರೆಯಬಹುದು; ಎಷ್ಟು ದೊರೆಯುವುದೆಂಬುದು ಆ ಕಾಲೇಜಿನ ಪದವಿಯನ್ನು ಅವಲಂಬಿಸಿದೆ. ವಿದೇಶದ ಕಂಪನಿಗಳ ಲೆಕ್ಕಗಳನ್ನು ನೋಡುವ ಬೆಂಗಳೂರಿನ ಕಚೇರಿಗಳಲ್ಲಿ ಇದಕ್ಕೆ ಬೆಲೆಯುಂಟು. ಆದರೆ ಆ ಪ್ರಮಾಣದಿಂದ ಭಾರತದಲ್ಲಿ ಪರಿಶೋಧನೆಯ ವರದಿಗೆ ಸಹಿ ಹಾಕುವಂತಿಲ್ಲ. ಪರೀಕ್ಷೆಯ ಶುಲ್ಕವನ್ನು ಪೌಂಡುಗಳ ಲೆಕ್ಕದಲ್ಲಿ ಬೇರೆಯಾಗಿ ಕಟ್ಟಬೇಕು. ಇವೆರಡನ್ನೂ ಮೊದಲೇ ಕೇಳಿಕೊಂಡು ಸೇರುವವಳಿಗೆ ನಮ್ಮ ಆಕ್ಷೇಪವಿಲ್ಲ.

ಗಣಿತದ ಹೆದರಿಕೆಯಿಂದ ವಾಣಿಜ್ಯಕ್ಕೆ ಓಡಿಬರುವ ಹುಡುಗಿಯರಿಗೂ ಒಂದು ಮಾತು. ಫೌಂಡೇಶನ್ ಪರೀಕ್ಷೆಯ ನಾಲ್ಕು ಪತ್ರಿಕೆಗಳಲ್ಲಿ ಒಂದು ಗಣಿತ, ತರ್ಕ, ಸಂಖ್ಯಾಶಾಸ್ತ್ರಗಳದು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಆನರ್ಸ್‌ಗೆ ಗಣಿತವಿಲ್ಲದೆ ಪ್ರವೇಶವಿಲ್ಲ. ಆದಕಾರಣ ಪಿ.ಯು.ಸಿ.ಯಲ್ಲಿ ಸಂಖ್ಯಾಶಾಸ್ತ್ರವನ್ನಾಗಲಿ ಮೂಲಗಣಿತವನ್ನಾಗಲಿ ತೆಗೆದುಕೊಳ್ಳುವ ಧೈರ್ಯವಿದ್ದರೆ ತೆಗೆದುಕೊಳ್ಳಲಿ. ಇತಿಹಾಸವನ್ನು ತೆಗೆದುಕೊಂಡವಳೂ ಮುಂದೆ ಬಂದದ್ದುಂಟು, ದುಡಿತವು ಮಾತ್ರ ಹೆಚ್ಚು.

ಹಣದ ವಿಷಯ ಬಂದಾಗ ಮನೆಯಲ್ಲಿ ಅಣ್ಣನೋ ತಮ್ಮನೋ ಇದ್ದರೆ ನಮ್ಮ ಹುಡುಗಿಯ ಪ್ರಶ್ನೆಯು ಹಿಂದೆ ಸರಿಯುವುದನ್ನು ನಾವು ಬಲ್ಲೆವು. ಅವನಿಗೆ ಬೆಂಗಳೂರಿನ ಹಾಸ್ಟೆಲು, ಇವಳಿಗೆ ಬಸ್ಸು ನಿಲ್ಲುವಲ್ಲಿಯ ಕಾಲೇಜು! ಹತ್ತಿರದ ಕಾಲೇಜು ಕೆಟ್ಟದೆಂದು ನಾವು ಹೇಳಲಿಲ್ಲ. ಅನೇಕರಿಗೆ ಅದೇ ತಕ್ಕದ್ದೆಂದು ಮೇಲೆಯೇ ಹೇಳಿದ್ದೇವೆ. ಅವಳಿಗೆ ತಕ್ಕದ್ದೆಂದು ಆರಿಸಿದರೆ ಸರಿ, ಅಗ್ಗವೆಂದು ಮಾತ್ರ ಆರಿಸಿದರೆ ಸರಿಯಲ್ಲ. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲದ ಯೋಜನೆಯಲ್ಲಿ ೪ ಲಕ್ಷ ರೂಪಾಯಿಯ ವರೆಗೆ ಮನೆಯವರ ಪಾಲಿನ ಹಣವನ್ನು ಕೇಳುವುದಿಲ್ಲ, ೭.೫ ಲಕ್ಷದ ವರೆಗೆ ಆಸ್ತಿಯ ಅಡವು ಬೇಡ. ಈ ಸಾಲವು ಮಗನಿಗೆಂದೇ ಇಟ್ಟದ್ದಲ್ಲ. ಆದರೆ ಸಾಲವನ್ನು ಮಾಡುವ ಮೊದಲು ಗೋಪುರವನ್ನು ಕಟ್ಟಹೊರಟವನ ಸಾಮ್ಯವನ್ನು ಬೈಬಲ್ ತರಗತಿಯಲ್ಲಿ ಕಲಿತವರು ನೆನಸಿಕೊಳ್ಳಲಿ: ಪ್ರವೇಶದ ಫೀಸನ್ನು ಮಾತ್ರವಲ್ಲ, ಕೊನೆಯ ವರ್ಷದ ಪರೀಕ್ಷೆಯ ವರೆಗಿನ ಫೀಸು, ಹಾಸ್ಟೆಲು, ಪುಸ್ತಕ, ಬಸ್ಸು ಎಲ್ಲವನ್ನೂ ಒಂದು ಹಾಳೆಯಲ್ಲಿ ಕೂಡಿಸಬೇಕು. ಲೆಕ್ಕ ಕಲಿಯಹೊರಟ ಹುಡುಗಿಯೇ ಇದನ್ನು ಬರೆಯಲಿ.

ಈ ವಿದ್ಯೆ ಹೆಣ್ಣುಮಕ್ಕಳಿಗೆ ಭಾರವೆಂದು ಇಂದಿಗೂ ಹೇಳುವ ಹಿರಿಯರುಂಟು. ಇಂಗ್ಲೆಂಡಿನಲ್ಲಿ ಮೇರಿ ಹ್ಯಾರಿಸ್ ಸ್ಮಿತ್ ಎಂಬಾಕೆಯನ್ನು ಹೆಂಗಸೆಂಬ ಕಾರಣಕ್ಕೆ ಅಲ್ಲಿಯ ಸಂಸ್ಥೆಯು ಹಿಂದೆ ನಿರಾಕರಿಸಿತ್ತು. ೧೯೧೯ರ ಕಾನೂನಿನಿಂದ ಆ ತಡೆಯು ತೊಲಗಿದ ಮೇಲೆ, ೧೯೨೦ರಲ್ಲಿ, ಎಪ್ಪತ್ತು ವರ್ಷ ದಾಟಿದ್ದ ಆಕೆಯನ್ನು ಸೇರಿಸಿಕೊಂಡಿತು. ನಮ್ಮ ದೇಶದಲ್ಲಿ ಮದರಾಸಿನ ಆರ್. ಶಿವಭೋಗಂ ಅವರು ೧೯೩೩ರಲ್ಲಿ ಆಗಿನ ಸರಕಾರಿ ಲೆಕ್ಕಶಾಸ್ತ್ರ ಡಿಪ್ಲೊಮಾವನ್ನು ಪಡೆದು ಭಾರತದ ಮೊದಲನೆಯ ಲೆಕ್ಕಪರಿಶೋಧಕಿಯಾದರು. ಮುಂದೆ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ದಕ್ಷಿಣ ಭಾರತದ ಪರಿಷತ್ತಿಗೆ ಅಧ್ಯಕ್ಷೆಯೂ ಆದರು.

ಮಾಳಿಗೆಯ ಕೇಂದ್ರದಲ್ಲಿ ಮೂರು ವರ್ಷವನ್ನು ಕಳೆದುಕೊಂಡ ನಮ್ಮ ಹುಡುಗಿಯು ಮತ್ತೆ ಮೊದಲಿನಿಂದ ಬಿ.ಕಾಂ.ಗೆ ಸೇರಿದಳು. ಈ ಸಾರಿ ನಾವು ಅವಳೊಡನೆ ಹೋಗಿ, ಕಾಲೇಜಿನ ಕಚೇರಿಯಲ್ಲಿ ಸಂಯೋಜನೆಯ ಆದೇಶದ ಪ್ರತಿಯನ್ನು ಕೇಳಿ ಓದಿದೆವು. ಗುಮಾಸ್ತರಿಗೆ ಅದು ಹಿಡಿಸಲಿಲ್ಲ. ಈಗ ಅವಳು ಒಬ್ಬ ಪರಿಶೋಧಕರ ಕಚೇರಿಯಲ್ಲಿ ಕೆಲಸಮಾಡುತ್ತ ಇಂಟರ್‌ಮೀಡಿಯೆಟಿನ ಒಂದು ಗುಂಪನ್ನು ದಾಟಿದ್ದಾಳೆ. ಫಲಿತಾಂಶದ ಮರುವಾರದಲ್ಲಿ ನಮ್ಮ ಕಚೇರಿಗೆ ಬಂದು ಹುಡುಗಿಯರೊಡನೆ ಕುಳಿತುಕೊಳ್ಳುವುದಾಗಿ ಒಪ್ಪಿದ್ದಾಳೆ. ಬರತಕ್ಕವರು ಪ್ರಾಸ್ಪೆಕ್ಟಸ್ಸಿನೊಡನೆ ಕಾಲೇಜಿನ ಸಂಯೋಜನೆಯ ಆದೇಶದ ಪ್ರತಿಯನ್ನೂ, ತರಗತಿಗಳ ವೇಳಾಪಟ್ಟಿಯನ್ನೂ, ಮೇಲೆ ಹೇಳಿದ ಖರ್ಚಿನ ಹಾಳೆಯನ್ನೂ ತರಲಿ.