ಮಗಳ ಕೊರಳಿನ ಲಿಂಗ, ಮಗಳ ಹೆಸರಿನ ಭೂಮಿ

ಧರ್ಮವು ಪೂಜಾಗೃಹದ್ದು, ಕಾನೂನು ಕಚೇರಿಯದು, ಒಂದಕ್ಕೊಂದು ಸಂಬಂಧವಿಲ್ಲ ಎಂದು ನಮ್ಮಲ್ಲಿ ಅನೇಕರು ಭಾವಿಸಿರುವುದುಂಟು. ಆದರೆ ವಿವಾಹ, ದತ್ತಕ, ಪಾಲುವಿಭಾಗ, ಉತ್ತರಾಧಿಕಾರ ಎಂಬ ನಾಲ್ಕು ವಿಷಯಗಳಲ್ಲಿ ಇವೆರಡೂ ಒಂದೇ ಹೊಸ್ತಿಲಿನ ಮೇಲೆ ನಿಂತಿವೆ. ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಸೀಮೆಯ ಭಕ್ತರ ಮನೆಗಳಲ್ಲಿ ಕುಳಿತಾಗ ನಮ್ಮ ಮುಂದೆ ಪದೇ ಪದೇ ಬರುವ ಪ್ರಶ್ನೆಯೊಂದಿದೆ: "ಶಾಸ್ತ್ರಿಗಳೇ, ಹೆಣ್ಣುಮಗಳಿಗೂ ಭೂಮಿಯಲ್ಲಿ ಸಮಭಾಗ ಎಂಬುದು ಸರ್ಕಾರದ ಮಾತು. ನಮ್ಮ ಧರ್ಮ ಏನೆನ್ನುತ್ತದೆ?" ಪ್ರಶ್ನೆ ಪ್ರಾಮಾಣಿಕವಾದುದು. ಅದಕ್ಕೆ ಉತ್ತರವೂ ಅಷ್ಟೇ ನೇರವಾಗಿರಬೇಕು.

ಕಲ್ಯಾಣದಿಂದ ಹೊರಟ ಎರಡು ದಾರಿಗಳು

ಈ ಪ್ರಶ್ನೆಯ ಬೇರು ಕಲ್ಯಾಣ ಪಟ್ಟಣದಲ್ಲಿದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (೧೦೭೬-೧೧೨೬) ಅಲ್ಲಿ ಆಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಮುಂದೆ ಇಂಗ್ಲಿಷರ ನ್ಯಾಯಾಲಯಗಳು ಈ ಗ್ರಂಥವನ್ನೇ ಆಧಾರವಾಗಿಟ್ಟುಕೊಂಡು, ಬಂಗಾಳದ ಕಡೆಯನ್ನು ಬಿಟ್ಟು ದೇಶದ ಬಹುಭಾಗದ ಅವಿಭಕ್ತ ಕುಟುಂಬಗಳ ಆಸ್ತಿಯನ್ನು ನಿರ್ಣಯಿಸಿದವು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ತತ್ತ್ವ ಹೀಗೆ ನೆಲೆಗೊಂಡಿತು. ಸ್ತ್ರೀಧನದ ವಿಷಯದಲ್ಲಿ ವಿಜ್ಞಾನೇಶ್ವರನು ಉದಾರಿಯಾಗಿದ್ದನೆಂಬುದನ್ನೂ ಹೇಳಬೇಕು. ಆ ಔದಾರ್ಯವನ್ನು ಸಂಕುಚಿತಗೊಳಿಸಿದವು ನಂತರದ ನ್ಯಾಯತೀರ್ಪುಗಳು.

ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ಅನಂತರ, ಬಿಜ್ಜಳನ ಕಾಲದಲ್ಲಿ ಬಸವಾದಿ ಪ್ರಮಥರು ಬೇರೊಂದು ದಾರಿಯನ್ನು ತೆರೆದರು. ಅಕ್ಕ ನಾಗಮ್ಮನಿಗಿಲ್ಲದ ಸಂಸ್ಕಾರ ತನಗೇಕೆಂದು ಬಾಲಕ ಬಸವಣ್ಣನವರು ಉಪನಯನವನ್ನು ತೊರೆದು ಮನೆಯಿಂದ ಹೊರನಡೆದರೆಂದು ಪರಂಪರೆ ಹೇಳುತ್ತದೆ. ಶರಣಧರ್ಮದಲ್ಲಿ ಗಂಡಿಗೆ ಯಾವ ಲಿಂಗವೋ ಹೆಣ್ಣಿಗೂ ಅದೇ ಲಿಂಗ. ಗಂಡಿಗೆ ಯಾವ ದೀಕ್ಷೆಯೋ ಹೆಣ್ಣಿಗೂ ಅದೇ ದೀಕ್ಷೆ. ಮಗನು ಪಿಂಡವಿಟ್ಟರಷ್ಟೇ ತಂದೆಗೆ ಸದ್ಗತಿ ಎಂಬ ನಂಬಿಕೆಗೆ ಇಲ್ಲಿ ಎಡೆಯಿಲ್ಲ. ತನ್ನ ಕರಸ್ಥಲದ ಲಿಂಗದಿಂದ ತನ್ನ ಮುಕ್ತಿ. ಹೀಗಿರುವಾಗ ಗಂಡುಮಗನನ್ನು ಮೇಲಿರಿಸಲು ಧಾರ್ಮಿಕ ಕಾರಣವಾದರೂ ನಮ್ಮಲ್ಲಿ ಎಲ್ಲಿದೆ?

ಇನ್ನೊಂದು ಮಾತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಲಗ್ನವಾದಾಗ ಪ್ರಭುತ್ವವು ಎರಡೂ ಮನೆಯ ಹಿರಿಯರಿಗೆ ಮರಣದಂಡನೆಯನ್ನು ವಿಧಿಸಿತೆಂದು ನಮ್ಮ ಪುರಾಣ ಪರಂಪರೆ ಸ್ಮರಿಸುತ್ತದೆ. ವರ್ಣಧರ್ಮದ ನಂಬಿಕೆಯೇ ರಾಜ್ಯದ ಕಾನೂನಾದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಕಠೋರ ನಿದರ್ಶನ ಬೇಕಿಲ್ಲ. ಇಂದು ೧೯೫೫ರ ಹಿಂದೂ ವಿವಾಹ ಕಾಯಿದೆಯಲ್ಲಿ ಜಾತಿಭೇದವು ಲಗ್ನಕ್ಕೆ ಅಡ್ಡಿಯಲ್ಲ. ವಯಸ್ಕರಿಬ್ಬರು ಒಪ್ಪಿ ಮಾಡಿಕೊಂಡ ಮದುವೆಗೆ ಕುಲಪಂಚಾಯಿತಿಗಳು ಅಡ್ಡಬರುವುದು ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಸಾರಿದೆ. ಶರಣರು ತಲೆತೆತ್ತು ಸಾರಿದ ತತ್ತ್ವ ಎಂಟು ಶತಮಾನಗಳ ತರುವಾಯ ಶಾಸನವಾಗಿ ಬಂದಿದೆ.

ಶಾಸನಗಳು ನಡೆದುಬಂದ ಬಗೆ

ಗುಂಡ್ಲುಪೇಟೆ, ಚಾಮರಾಜನಗರಗಳು ಮೈಸೂರು ಸಂಸ್ಥಾನದಲ್ಲಿದ್ದವು. ಪಕ್ಕದ ಕೊಳ್ಳೇಗಾಲವು ೧೯೫೬ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೀಗಾಗಿ ನೆರೆಹೊರೆಯ ಊರುಗಳ ಹೆಣ್ಣುಮಕ್ಕಳಿಗೆ ಬೇರೆ ಬೇರೆ ಕಾನೂನು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ೧೯೩೩ರಲ್ಲಿ, ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು, ಪಾಲಿನ ಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತ ಮಗಳು ಇವರಿಗೂ ಭಾಗವನ್ನು ಕಲ್ಪಿಸಿತು. ಆ ಭಾಗ ಕಿರಿದಾದರೂ ಹೆಜ್ಜೆ ಹಿರಿದು. ಬ್ರಿಟಿಷ್ ಭಾರತದಲ್ಲಿ ವಿಧವೆಯ ಹಕ್ಕಿಗೆ ಶಾಸನ ಬಂದುದು ೧೯೩೭ರಲ್ಲಿ.

ಬಳಿಕ ಹಿಂದೂ ಸಂಹಿತೆಯ ಕರಡನ್ನು ಸಿದ್ಧಪಡಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಕರಾವಳಿಯ ಮನೆತನದ ಬೆನಗಲ್ ನರಸಿಂಗ ರಾಯರು. ಆ ಮಸೂದೆ ಮುಂದೆ ಸಾಗದೆ ಹೋದುದು ೧೯೫೧ರಲ್ಲಿ ಡಾ. ಅಂಬೇಡ್ಕರ್ ಅವರು ಮಂತ್ರಿಪದವಿಯನ್ನು ತ್ಯಜಿಸಲು ಒಂದು ಕಾರಣವಾಯಿತು. ಕೊನೆಗೆ ೧೯೫೬ರ ಉತ್ತರಾಧಿಕಾರ ಕಾಯಿದೆಯು ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನ ಸಮಾನ ಸ್ಥಾನವನ್ನು ನೀಡಿತು. ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಮಾತ್ರ ಗಂಡಿನದಾಗಿಯೇ ಉಳಿಯಿತು.

ಮದ್ದೂರಿನಿಂದ ಕಾಡುದಾರಿ ಹಿಡಿದರೆ ಕೇರಳ. ಬಂಡೀಪುರದ ಆಚೆ ತಮಿಳುನಾಡು. ಕೇರಳವು ೧೯೭೫ರ ಕಾಯಿದೆಯಿಂದ ಅವಿಭಕ್ತ ಕುಟುಂಬ ಪದ್ಧತಿಯನ್ನೇ ತೆಗೆದುಹಾಕಿತು. ತಮಿಳುನಾಡು ೧೯೮೯ರಲ್ಲಿ ಮಗಳಿಗೆ ಹುಟ್ಟಿನ ಹಕ್ಕನ್ನಿತ್ತಿತು. ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದುದು ೧೯೯೪ರ ಜುಲೈ ೩೦ರಂದು. ಅದರಲ್ಲಿಯೂ ಅಂದಿಗೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಡಲಾಯಿತು. ಒಂದೇ ತಾಯಿಯ ಮಕ್ಕಳಲ್ಲಿ ತಂಗಿಗೆ ಹಕ್ಕು, ಅಕ್ಕನಿಗಿಲ್ಲ! ಈ ಭೇದವನ್ನು ಅಳಿಸಿದುದು ೨೦೦೫ರ ಸೆಪ್ಟೆಂಬರ್ ೯ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ. ಆ ದಿನ ತಂದೆ ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದುದು ಎಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ಸ್ಪಷ್ಟಪಡಿಸಿತು. ೨೦೦೪ರ ಡಿಸೆಂಬರ್ ೨೦ಕ್ಕೆ ಮುಂಚೆ ನೋಂದಣಿಯಾದ ಪಾಲುಪತ್ರಗಳನ್ನು ಮಾತ್ರ ಈ ಕಾರಣದಿಂದ ಕೆದಕುವಂತಿಲ್ಲ.

ಇದು ಧರ್ಮದಲ್ಲಿ ಹಸ್ತಕ್ಷೇಪವೇ?

ಕೆಲವು ಹಿರಿಯರ ಆಕ್ಷೇಪವಿದೆ: ಸಂವಿಧಾನವೇ ಧರ್ಮಸ್ವಾತಂತ್ರ್ಯವನ್ನು ಕೊಟ್ಟಿರುವಾಗ ನಮ್ಮ ಮನೆತನದ ಕಟ್ಟಳೆಯಲ್ಲಿ ಸರ್ಕಾರ ಕೈಹಾಕಬಹುದೇ? ಇದನ್ನು ತಾಳ್ಮೆಯಿಂದ ವಿಚಾರಿಸಬೇಕು. ಸಂವಿಧಾನದ ೨೫ನೆಯ ವಿಧಿಯು ನಂಬಿಕೆ ಮತ್ತು ಆಚರಣೆಗಳ ಸ್ವಾತಂತ್ರ್ಯವನ್ನು ಕೊಡುತ್ತಲೇ, ಸಮಾಜಸುಧಾರಣೆಗಾಗಿ ಶಾಸನ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಉಳಿಸಿದೆ. ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೫೪ರಲ್ಲಿಯೇ ಒಂದು ಗೆರೆಯನ್ನು ಎಳೆಯಿತು. ಧರ್ಮಕ್ಕೆ ಅತ್ಯಗತ್ಯವಾದ ಆಚಾರಗಳು ಧರ್ಮದವರಿಗೆ ಸೇರಿದವು, ಲೌಕಿಕ ವ್ಯವಹಾರಗಳು ಶಾಸನಕ್ಕೆ ಒಳಪಟ್ಟವು. ಲಿಂಗಪೂಜೆ ನಮ್ಮ ಅಂತರಂಗದ್ದು. ಅರಿಶಿನ ಬೆಳೆಯುವ ಹೊಲವನ್ನು ಯಾರು ಹಂಚಿಕೊಳ್ಳಬೇಕೆಂಬುದು ಲಿಂಗಪೂಜೆಯ ಅಂಗವಲ್ಲ.

ಕಾನೂನು ನಮ್ಮ ಆಚಾರಗಳನ್ನು ಗೌರವಿಸಿಯೂ ಇದೆ. ಹಿಂದೂ ವಿವಾಹ ಕಾಯಿದೆಯ ೨ನೆಯ ಕಲಮು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಎತ್ತಿಯೇ ಹೇಳುತ್ತದೆ. ೭ನೆಯ ಕಲಮಿನಂತೆ ವಧು ಅಥವಾ ವರನ ಕಡೆಯ ರೂಢಿಯ ವಿಧಿಯಿಂದ ಲಗ್ನವಾದರೆ ಸಾಕು. ಸಪ್ತಪದಿಯು ಅದು ರೂಢಿಯಲ್ಲಿರುವವರಿಗಷ್ಟೇ ಅಗತ್ಯ. ಜಂಗಮರ ಸಾನ್ನಿಧ್ಯದಲ್ಲಿ ವಿಭೂತಿ ಧರಿಸಿ ಮಾಂಗಲ್ಯ ಕಟ್ಟುವ ನಮ್ಮ ಪದ್ಧತಿಗೆ ಅಗ್ನಿಸಾಕ್ಷಿಯನ್ನು ಕಾನೂನು ಹೇರಿಲ್ಲ.

ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ದೊರೆತರೆ ಮದುವೆ, ಆಸ್ತಿಗಳ ಕಾನೂನೆಲ್ಲ ಬುಡಮೇಲಾಗುವುದೆಂಬ ಭಯವೂ ೨೦೧೮ರಲ್ಲಿ ಹರಡಿತ್ತು. ಆ ವರ್ಷ ರಾಜ್ಯವು ಶಿಫಾರಸು ಮಾಡಿತು, ಕೇಂದ್ರವು ಒಪ್ಪಲಿಲ್ಲ. ಆ ಚರ್ಚೆಯಲ್ಲಿ ಯಾರ ನಿಲುವು ಏನೇ ಇರಲಿ, ಈ ಭಯಕ್ಕೆ ಆಧಾರವಿಲ್ಲ. ಜೈನರು, ಬೌದ್ಧರು, ಸಿಖ್ಖರು ಅಲ್ಪಸಂಖ್ಯಾತ ಧರ್ಮದವರೆನಿಸಿಯೂ ಇದೇ ಕಾಯಿದೆಗಳ ಅಡಿಯಲ್ಲಿದ್ದಾರೆ. ೨೦೨೫ರಲ್ಲಿ ಉತ್ತರಾಖಂಡವು ಏಕರೂಪ ನಾಗರಿಕ ಸಂಹಿತೆಯನ್ನು ಜಾರಿಗೆ ತಂದ ಮೇಲೆ ಆ ಚರ್ಚೆಯೂ ಬಿರುಸಾಗಿದೆ. ಅದನ್ನು ತೂಗಿನೋಡಲು ನಮ್ಮ ಬಳಿ ಇರುವ ಅಳತೆಗೋಲು ಒಂದೇ: ಆಚಾರದಲ್ಲಿ ವೈವಿಧ್ಯ ಉಳಿಯಲಿ, ಹಕ್ಕಿನಲ್ಲಿ ಭೇದ ಅಳಿಯಲಿ.

ಮನೆಯ ಹಿರಿಯರಲ್ಲಿ ಬಿನ್ನಹ

ಶಾಸನ ಬಂದಿದೆ, ಆದರೆ ಮನಸ್ಸು ಬಂದಿದೆಯೇ? ತಂದೆ ಲಿಂಗೈಕ್ಯನಾದ ಮೇಲೆ ಪೌತಿ ಖಾತೆಗೆ ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರನ್ನೇ ಬಿಡುವುದುಂಟು. ಇಲ್ಲವೇ ಅವರನ್ನು ನೋಂದಣಿ ಕಚೇರಿಗೆ ಕರೆದೊಯ್ದು, ಒಂದು ಸೀರೆ, ಒಂದಿಷ್ಟು ಹಣ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದುಂಟು. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಆಕೆ ಒಪ್ಪುತ್ತಾಳೆ. ಅಂಜಿಕೆಯಿಂದ ಬಂದ ಒಪ್ಪಿಗೆ ಒಪ್ಪಿಗೆಯೇ? ಸ್ವಸಂತೋಷದಿಂದ ಬಿಟ್ಟುಕೊಟ್ಟರೆ ಅದು ಆಕೆಯ ದಾನ. ಹೆದರಿಸಿ ಬಿಡಿಸಿಕೊಂಡರೆ ಅದು ಪರಧನ. ಪರಧನವನ್ನು ಮುಟ್ಟೆವೆಂದು ಹೇಳಿಕೊಳ್ಳುವ ನಾವು ಒಡಹುಟ್ಟಿದವಳ ಧನವನ್ನು ಮುಟ್ಟಬಹುದೇ?

ಮದುವೆಗೆ ಖರ್ಚು ಮಾಡಿದ್ದೇವಲ್ಲ ಎನ್ನುವವರಿದ್ದಾರೆ. ವರದಕ್ಷಿಣೆಯು ೧೯೬೧ರಿಂದ ಅಪರಾಧ. ಮದುವೆಯ ಊಟದ ಖರ್ಚು ಗಂಡುಮಗನ ಪಾಲಿನಲ್ಲಿ ಕಳೆಯುವುದಿಲ್ಲವಾದರೆ ಹೆಣ್ಣುಮಗಳ ಪಾಲಿನಲ್ಲಿ ಏಕೆ ಕಳೆಯಬೇಕು? ಹೊಲ ತುಂಡಾಗುವುದೆಂಬ ಮಾತು ಬರುತ್ತದೆ. ನಾಲ್ಕು ಗಂಡುಮಕ್ಕಳಿದ್ದರೂ ಹೊಲ ತುಂಡಾಗುತ್ತದೆ. ವಾರಸುದಾರರಲ್ಲೊಬ್ಬರು ತಮ್ಮ ಭಾಗವನ್ನು ಮಾರಲಿಚ್ಛಿಸಿದರೆ ಕೊಳ್ಳುವ ಮೊದಲ ಅವಕಾಶವನ್ನು ೧೯೫೬ರ ಕಾಯಿದೆಯ ೨೨ನೆಯ ಕಲಮು ಉಳಿದ ವಾರಸುದಾರರಿಗೇ ಇತ್ತಿದೆ. ನ್ಯಾಯವಾದ ಬೆಲೆಯನ್ನಿತ್ತು ಭೂಮಿಯನ್ನು ಒಂದಾಗಿ ಉಳಿಸಿಕೊಳ್ಳಲು ಅಡ್ಡಿಯಿಲ್ಲ.

ಆದುದರಿಂದ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ತಪ್ಪದೆ ಬರೆಸಿರಿ. ಪಾಲಿನ ಮಾತು ಆಡುವಾಗ ಅವರನ್ನು ಪಡಸಾಲೆಗೆ ಕರೆದು ಕೂರಿಸಿರಿ. ಹುಡುಗಿಗೆ ೧೮, ಹುಡುಗನಿಗೆ ೨೧ ತುಂಬದೆ ಲಗ್ನ ಮಾಡದಿರಿ. ೨೦೧೭ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬಾಲ್ಯವಿವಾಹವು ಮೂಲತಃ ಅಸಿಂಧು, ಮಾಡಿಸಿದ ಅಯ್ಯನವರಿಗೂ ಶಿಕ್ಷೆಯುಂಟು. ವಿಧಿಯಂತೆ ಲಗ್ನ ಮಾಡಿ ನೋಂದಣಿಯನ್ನೂ ಮಾಡಿಸಿರಿ. ವಿಧಿಯಿಲ್ಲದೆ ಬರೀ ಪ್ರಮಾಣಪತ್ರದಿಂದ ವಿವಾಹ ಸಿದ್ಧಿಸದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೪ರಲ್ಲಿ ಹೇಳಿದೆ.

ಧರ್ಮ ಏನೆನ್ನುತ್ತದೆಂದು ಕೇಳಿದ ಬಂಧುಗಳಿಗೆ ನಮ್ಮ ಉತ್ತರವಿಷ್ಟೆ. ಮಗಳು ಹುಟ್ಟಿದಾಗ ಆಕೆಗೂ ಲಿಂಗಧಾರಣೆ ಮಾಡಿಸುತ್ತೇವೆ. ಆ ದಿನ ಮಗ ಬೇರೆ, ಮಗಳು ಬೇರೆ ಎನ್ನುವುದಿಲ್ಲ. ಪಾಲಿನ ದಿನವೂ ಹಾಗೆನ್ನದಿರೋಣ.