ಹುಳಿಹಿಟ್ಟಿನ ವಂಶಾವಳಿ

1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆಯಿತೆಂಬ ವಾರ್ತೆ ಹಬ್ಬಿದೊಡನೆ ನಾನಾ ದೇಶಗಳ ಜನ ಸಾನ್‌ಫ್ರಾನ್ಸಿಸ್ಕೋ ಬಂದರಿಗೆ ಮುಗಿಬಿದ್ದರು. ಚಿನ್ನ ಅಗೆಯುವವರಿಗೂ ಹೊಟ್ಟೆಯುಂಟಷ್ಟೆ! ಫ್ರಾನ್ಸಿನ ಬರ್ಗಂಡಿ ಪ್ರಾಂತದಿಂದ ಬಂದ ಇಸಿಡೋರ್ ಬೂಡಿನ್ ಎಂಬಾತನ ಮನೆತನದ ಕಸುಬೇ ಬ್ರೆಡ್ಡು ಮಾಡುವುದು. ಬೂಡಿನ್ ಬೇಕರಿ ತನ್ನ ಆರಂಭವನ್ನು 1849ಕ್ಕೆ ಒಯ್ಯುತ್ತದೆ.

ನಮ್ಮ ಗೃಹಿಣಿಯರು ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವುದಿಲ್ಲವೆ? ಬೂಡಿನ್ ಮನೆತನದ ಕ್ರಮವೂ ಅದೇ: ಪ್ರತಿದಿನದ ಹುಳಿಹಿಟ್ಟಿನಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಮರುದಿನದ ಹಿಟ್ಟಿಗೆ ಸೇರಿಸಿ ಉಬ್ಬಿಸುವುದು. 1868ರಿಂದ ಅಮೆರಿಕದಲ್ಲಿ ಕಾರ್ಖಾನೆಯ ಯೀಸ್ಟು ಮಾರಾಟಕ್ಕೆ ಬಂದಿತು. ಕೆಲಸ ಹಗುರವಾಯಿತು, ಅನೇಕ ಬೇಕರಿಗಳು ಅದನ್ನೇ ಹಿಡಿದವು. ಈ ಮನೆತನ ಹಳೆಯ ಹಿಟ್ಟನ್ನು ಬಿಡಲಿಲ್ಲ. 1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಲ್ಲಿ ನಗರ ನಾಶವಾದಾಗ, ಲೂಯಿಸ್ ಬೂಡಿನ್ ಎಂಬಾಕೆ ಈ ಹಿಟ್ಟನ್ನು ಒಂದು ಬಕೆಟ್ಟಿನಲ್ಲಿ ಎತ್ತಿಕೊಂಡು ಪಾರಾದಳೆಂದು ಆ ಮನೆಯವರ ಹೇಳಿಕೆ.

ಇಷ್ಟೊಂದು ಹುಳಿಯಲ್ಲಿ ಯೀಸ್ಟು ಬದುಕುವುದು ಹೇಗೆ? ಆ ನಗರದ ಸಮೀಪದ ಆಲ್ಬನಿಯ ಸರ್ಕಾರಿ ಕೃಷಿ ಪ್ರಯೋಗಾಲಯದಲ್ಲಿ ಕ್ಲೈನ್, ಸುಗಿಹಾರ ಎಂಬ ವಿಜ್ಞಾನಿಗಳು ಇದನ್ನು ಶೋಧಿಸಿ, 1971ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾನ್‌ಫ್ರಾನ್ಸಿಸ್ಕೋದ ಬೇಕರಿಗಳ ಹುಳಿಹಿಟ್ಟಿನಲ್ಲಿ ಒಂದು ಯೀಸ್ಟು, ಒಂದು ಬ್ಯಾಕ್ಟೀರಿಯ ಜೊತೆಯಾಗಿ ಬಾಳುತ್ತಿದ್ದವು. ಯೀಸ್ಟಿನ ಕಣವೊಂದಕ್ಕೆ ಬ್ಯಾಕ್ಟೀರಿಯಗಳು ಸುಮಾರು ನೂರು. ಹಿಟ್ಟಿನ ಪಿಷ್ಟದಿಂದ ಹುಟ್ಟುವ ಮಾಲ್ಟೋಸ್ ಎಂಬ ಸಕ್ಕರೆಯನ್ನು ಈ ಯೀಸ್ಟು ಮುಟ್ಟದು; ಬ್ಯಾಕ್ಟೀರಿಯಕ್ಕೆ ಅದೇ ಆಹಾರ. ಒಂದರ ತಟ್ಟೆಗೆ ಇನ್ನೊಂದು ಕೈ ಹಾಕದು! ಬ್ಯಾಕ್ಟೀರಿಯವು ಮಾಲ್ಟೋಸನ್ನು ಒಡೆದಾಗ ಹೊರಬೀಳುವ ಗ್ಲೂಕೋಸು ಯೀಸ್ಟಿಗೆ ಒದಗುತ್ತದೆ. ಬ್ಯಾಕ್ಟೀರಿಯ ಸುರಿಸುವ ಲ್ಯಾಕ್ಟಿಕ್ ಮತ್ತು ಅಸಿಟಿಕ್ ಆಮ್ಲಗಳು ಪರಕೀಯ ಜೀವಿಗಳನ್ನು ದೂರವಿಡುತ್ತವೆ. ಈ ಯೀಸ್ಟು ಮಾತ್ರ ಅವನ್ನು ಸಹಿಸಬಲ್ಲದು.

ಬ್ಯಾಕ್ಟೀರಿಯಕ್ಕೆ ನಗರದ ಹೆಸರನ್ನೇ ಇಟ್ಟರು. ಆ ಊರಿನ ಮಂಜಿನಲ್ಲೇ ಏನೋ ಮಹಿಮೆಯುಂಟೆಂಬ ಜನರ ಮಾತಿಗೆ ಬಲ ಬಂದಿತು. ಆದರೆ ಅದೇ ಜೀವಿ ಮುಂದೆ ಜರ್ಮನಿ, ಇಟಲಿ, ಫ್ರಾನ್ಸುಗಳ ಹುಳಿಹಿಟ್ಟುಗಳಲ್ಲಿಯೂ ಕಂಡಿತು.

ಹಾಗಾದರೆ ಬೂಡಿನ್ ಮನೆತನ ಕಾಪಾಡಿದ್ದೇನು? ಒಂದು ಲೆಕ್ಕ ಹಾಕೋಣ. ದಿನವೂ ನಾಲ್ಕರಲ್ಲೊಂದು ಪಾಲನ್ನು ಉಳಿಸಿ ಮಿಕ್ಕಷ್ಟನ್ನು ಹೊಸ ಹಿಟ್ಟು ನೀರಿನಿಂದ ತುಂಬಿದರೆ, ಹತ್ತೇ ದಿನಗಳಲ್ಲಿ ಮೊದಲಿನ ಹಿಟ್ಟು ಹತ್ತು ಲಕ್ಷದಲ್ಲೊಂದು ಪಾಲಿಗಿಂತ ಕಡಿಮೆಯಾಗುತ್ತದೆ. ಆದ್ದರಿಂದ ಇಸಿಡೋರನ ಹಿಟ್ಟು ಎಂದೋ ಮುಗಿದಿದೆ. ಉಳಿದು ಬಂದುದು ಹೊತ್ತು ತಪ್ಪದ ಉಣಿಸುವಿಕೆ, ಶಾಖದ ಹದ, ಹಿಟ್ಟಿನ ಬಗೆ. ಯಾವ ಜೀವಿ ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವು ಇವೇ. ಬಕೆಟ್ಟಿಗಿಂತ, ಮರುದಿನ ಅದಕ್ಕೆ ಹಿಟ್ಟು ಉಣಿಸಿದ ಕೈ ದೊಡ್ಡದೆಂದು ನಮ್ಮ ಅಭಿಪ್ರಾಯ.

ಕೈಯ ಮಾತು ಬರಿಯ ಅಲಂಕಾರವಲ್ಲ. ಹಲವು ದೇಶಗಳ ಬೇಕರಿಯವರು ಒಂದೇ ಬಗೆಯ ಹಿಟ್ಟಿನಿಂದ ಹುಳಿಹಿಟ್ಟು ತಯಾರಿಸಿದ ಪ್ರಯೋಗವೊಂದರ ವರದಿ 2020ರಲ್ಲಿ ಹೊರಬಂದಿತು. ಹುಳಿಹಿಟ್ಟಿನಲ್ಲಿರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ಅವರ ಅಂಗೈಗಳಲ್ಲಿಯೂ ಹೇರಳವಾಗಿ ನೆಲೆಸಿದ್ದವು.